ತೊಂಬತ್ತೆಂಟಕ್ಕೆ ಕುದಿಯುವ ನೀರು

ಹೋದ ತಿಂಗಳು ನಮ್ಮ ಹಳೆಯ ಶಾಲೆಯಿಂದ ಫೋನು ಬಂತು. ಮಾಡಿದವರು ಸವಿತಾ, ನಾನು ನಿವೃತ್ತನಾದ ಮೇಲೆ ನನ್ನ ಜಾಗಕ್ಕೆ ಬಂದಿರುವ ವಿಜ್ಞಾನ ಶಿಕ್ಷಕಿ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಆರೋಗ್ಯ, ಮನೆಮಂದಿ ಎಲ್ಲ ವಿಚಾರಿಸಿ ಮುಗಿದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು.

"ಸರ್, ಕಪಾಟಿನ್ಯಾಗಿನ ಥರ್ಮಾಮೀಟರ್ ಆರಕ್ಕ ಆರೂ ಕೆಟ್ಟಾವ್ರಿ. ಕುದಿಯೋ ನೀರಾಗ ಹಿಡದ್ರ ತೊಂಬತ್ತೆಂಟಕ್ಕ ನಿಂತಬಿಡ್ತಾವ. ಯಾರಿಗೆ ಬರದು ಬದ್ಲಿ ಮಾಡಸ್ಬೇಕ್ರಿ?"

ನನಗೆ ನಗು ತಡೆಯಲಾಗಲಿಲ್ಲ. ಅಡುಗೆಮನೆಯಿಂದ ಹೆಂಡತಿ ಬಂದು ಇವರಿಗೇನಾಯಿತೆಂದು ನೋಡಿ ಹೋದಳು. ನಕ್ಕದ್ದು ನಿಮ್ಮನ್ನಲ್ಲ, ನನ್ನನ್ನೇ ಎಂದು ಸವಿತಾ ಅವರಿಗೆ ಸಮಾಧಾನ ಹೇಳಿ, ಹಾಗಾದರೆ ಮಕ್ಕಳಿಗೆ ಎಷ್ಟು ಬರೆಯಲು ಹೇಳಿದಿರಿ ಎಂದು ಕೇಳಿದೆ.

"ನೂರು ಬರೀರಿ ಅಂದೀನ್ರಿ. ಪುಸ್ತಕದಾಗ ಹಂಗ ಐತಲ್ರಿ."

ಅಲ್ಲಿಗೆ ನನ್ನ ನಗು ನಿಂತಿತು. ಥರ್ಮಾಮೀಟರುಗಳನ್ನು ಎಲ್ಲಿಗೂ ಕಳಿಸಬೇಡಿ, ನಾಲ್ಕು ದಿನ ತಡೆಯಿರಿ, ಬರೆದು ಕಳಿಸುತ್ತೇನೆ ಎಂದೆ. ಉತ್ತರವೇನೋ ಎರಡು ಮಾತಿನದು. ಆದರೆ ಆ ಎರಡು ಡಿಗ್ರಿಯ ಸಲುವಾಗಿ ನಾನು ಮಾಡಿದ ತಪ್ಪು, ಅದರಿಂದ ಒಬ್ಬ ಹುಡುಗಿಗೆ ಆದದ್ದು, ಎರಡು ಮಾತಿನಲ್ಲಿ ಮುಗಿಯುವುದಲ್ಲ. ಸವಿತಾ ಅವರಿಗೂ ಅವರ ವಾರಗೆಯ ಹೊಸ ಮಾಸ್ತರರಿಗೂ ಇದು ಗೊತ್ತಿರಲಿ ಎಂದು ಕೂತು ಬರೆಯುತ್ತಿದ್ದೇನೆ.

ನಾನು ಕಲಘಟಗಿ ತಾಲ್ಲೂಕಿನ ತಂಬೂರಿನವನು. ಕೆಂಪು ಮಣ್ಣು, ಭತ್ತದ ಗದ್ದೆ ನೋಡಿ ಬೆಳೆದವನಿಗೆ ನೌಕರಿ ಸಿಕ್ಕಿದ್ದು ನವಲಗುಂದ ತಾಲ್ಲೂಕಿನಲ್ಲಿ, ಮೊರಬದ ಆಚೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಕಣ್ಣು ಹಾಯಿಸಿದಷ್ಟೂ ಎರೆಭೂಮಿ. ಮೊದಲ ಮಳೆಗೆ ಸೈಕಲ್ಲಿನ ಮಡಗಾರ್ಡಿನಲ್ಲಿ ಮಣ್ಣು ಸಿಕ್ಕಿಕೊಂಡು ಗಾಲಿ ತಿರುಗದೆ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಶಾಲೆ ಮುಟ್ಟಿದೆ. ಅಂದು ಹೇಳಬೇಕಿದ್ದ ಪಾಠ ಘರ್ಷಣೆ. ಮಾಸ್ತರರ ಅವತಾರ ನೋಡಿದ ಮೇಲೆ ಮಕ್ಕಳಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ನನ್ನ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು. ಊರಿನವರಿಗೆಲ್ಲ ನಾನು ತಂಬೂರ ಸರ್ ಆದೆ, ನಿವೃತ್ತನಾಗುವವರೆಗೂ ಹಾಗೆಯೇ ಇದ್ದೆ.

ಆ ಊರಿನಲ್ಲಿ ನೀರು ಎರಡು ತರ. ಬೋರಿನದು ಸವಳು, ಬಾಯಿಗೆ ಹಾಕಿದರೆ ಉಪ್ಪುಪ್ಪು. ಕೆರೆಯದು ಸಿಹಿ. ಕುಡಿಯಲು, ಚಹಾಕ್ಕೆ, ಬೇಳೆ ಬೇಯಿಸಲು ಕೆರೆಯ ನೀರೇ ಆಗಬೇಕು. ಆ ಊರಿನವರು ಬೇರೆ ಊರಿಗೆ ಹೋದರೂ ಕ್ಯಾನಿನಲ್ಲಿ ತಮ್ಮ ಕೆರೆಯ ನೀರು ಒಯ್ಯುತ್ತಿದ್ದರು. ನಮ್ಮ ಶಾಲೆಯ ಸಿಪಾಯಿ ಇಮಾಮಸಾಬ ದಿನಾ ಸೈಕಲ್ಲಿಗೆ ಎರಡು ಕೊಡ ಕಟ್ಟಿ ಕೆರೆಯ ನೀರು ತರುತ್ತಿದ್ದ. ಪ್ರಯೋಗಕ್ಕೆ ಆ ನೀರು ಕೊಡು ಎಂದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದ. ಹೀಗಾಗಿ ನಮ್ಮ ವಿಜ್ಞಾನವೆಲ್ಲ ಸವಳು ನೀರಿನಲ್ಲೇ ನಡೆಯುತ್ತಿತ್ತು.

ಪ್ರಯೋಗಾಲಯ ಎಂದರೆ ದೊಡ್ಡದೇನೂ ಅಲ್ಲ. ಒಂದು ಕೋಣೆ, ಒಂದು ಉದ್ದ ಮೇಜು, ಒಂದು ಕಬ್ಬಿಣದ ಕಪಾಟು, ಒಂದು ಸೀಮೆಎಣ್ಣೆ ಸ್ಟೋ. ನನ್ನ ಮೊದಲ ಪ್ರಮಾದ ಆ ಕಪಾಟಿನದೇ. ದಿಕ್ಸೂಚಿ ತೋರಿಸುವ ದಿನ ಮೇಜನ್ನು ಕಪಾಟಿಗೆ ಒತ್ತಿ ಹಾಕಿಕೊಂಡಿದ್ದೆ. ಮುಳ್ಳು ನೆಟ್ಟಗೆ ಕಪಾಟಿನ ಕಡೆ ತಿರುಗಿ ನಿಂತಿತು. ಊರಿಗೆ ಹೊಸಬ, ನನಗೆ ದಿಕ್ಕು ಗೊತ್ತಿಲ್ಲ. ಕಪಾಟಿನ ಕಡೆಯೇ ಉತ್ತರ ಎಂದು ಗಟ್ಟಿಯಾಗಿ ಹೇಳಿದೆ. ಹೊಲದಲ್ಲಿ ಸಾಲು ಹೊಡೆಯುವುದನ್ನು ನೋಡುತ್ತ ಬೆಳೆದ ಮಕ್ಕಳಿಗೆ ದಿಕ್ಕು ತಪ್ಪುವುದುಂಟೇ? ಆದರೂ ಒಬ್ಬರೂ ಬಾಯಿ ಬಿಡಲಿಲ್ಲ. ಪರೀಕ್ಷೆಯಲ್ಲಿ ಒಬ್ಬ ಹುಡುಗ ಬರೆದಿದ್ದ, ದಿಕ್ಕುಗಳು ಎರಡು ತರ ಇರುತ್ತವೆ, ಊರಿನ ದಿಕ್ಕು ಬೇರೆ, ಶಾಲೆಯ ದಿಕ್ಕು ಬೇರೆ ಎಂದು. ಸ್ಟಾಫ್ ರೂಮಿನಲ್ಲಿ ಓದಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಹುಡುಗ ನಮ್ಮ ಶಾಲೆಯ ರೋಗವನ್ನೇ ಬರೆದಿದ್ದಾನೆ ಎಂದು ಅಂದು ನನಗೆ ತಿಳಿಯಲಿಲ್ಲ.

ಆ ರೋಗ ಯಾವುದೆಂದು ಹೇಳುತ್ತೇನೆ. ಪ್ರಯೋಗ ಮಾಡಿದ ಮೇಲೆ ರೀಡಿಂಗು ಬರೆಯಬೇಕಲ್ಲ? ನಮ್ಮಲ್ಲಿ ಆ ರೀಡಿಂಗುಗಳು ಮನೆತನದ ಆಸ್ತಿ. ಅಣ್ಣನ ಪ್ರಯೋಗದ ಪುಸ್ತಕ ತಮ್ಮನಿಗೆ, ತಮ್ಮನದು ಕಾಕಾನ ಮಗಳಿಗೆ. ಲೋಲಕ ಇನ್ನೂ ತೂಗುತ್ತಿರುವಾಗಲೇ ಹಿಂದಿನ ಬೆಂಚಿನಲ್ಲಿ ಉತ್ತರ ಬರೆದಾಗಿರುತ್ತಿತ್ತು. ಮಾಸ್ತರರಾದ ನಾವೂ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದೆವು. ಪುಸ್ತಕದ ಅಂಕಿ ಬಂದರೆ ಸರಿ, ಬಾರದಿದ್ದರೆ ತಪ್ಪು. ಮಗು ಏನು ಕಂಡಿತು ಎಂದು ಕೇಳುವ ರೂಢಿಯೇ ಇರಲಿಲ್ಲ.

ನೀರಿನ ಕುದಿಬಿಂದು ನೋಡುವ ಪ್ರಯೋಗದಲ್ಲಿ ಮಾತ್ರ ನನಗೇ ಇರುಸುಮುರುಸು. ಮೊದಲ ವರ್ಷವೇ ಥರ್ಮಾಮೀಟರು ತೊಂಬತ್ತೆಂಟಕ್ಕೆ ನಿಂತಿತು. ಇನ್ನೊಂದು ತೆಗೆದೆ, ಅದೂ ಅಷ್ಟೇ. ಹೆಡ್‌ಮಾಸ್ತರು ಹೊಸಮನಿ ಸರ್ ಅವರಿಗೆ ಹೇಳಿದೆ. ಹಣೆಗೆ ಮೂರು ಬೆರಳ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತು ಕಟ್ಟುನಿಟ್ಟು. ಗಾಜಿನ ಸಾಮಾನುಗಳನ್ನು ಬೀಗದಲ್ಲಿಟ್ಟು ಕೀಲಿಯನ್ನು ಲಿಂಗದ ಕರಡಿಗೆಯ ಹಾಗೆ ಕೊರಳಿಗೆ ಹಾಕಿಕೊಂಡಿರುತ್ತಾರೆ ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಆದರೆ ನಾನು ಒಬ್ಬನೇ ಖೋಲಿ ಮಾಡಿಕೊಂಡಿದ್ದಾಗ ಎರಡು ವರ್ಷ ಅವರ ಮನೆಯಿಂದಲೇ ಮಧ್ಯಾಹ್ನದ ರೊಟ್ಟಿಯ ಬುತ್ತಿ ಬರುತ್ತಿತ್ತು, ಅದನ್ನೂ ಮರೆಯಬಾರದು. ಸಾಮಾನು ಹಲಕಾ ಇರಬೇಕು, ನೂರು ಬರೆಸಿಬಿಡಿ ಎಂದರು ಅವರು. ಮರುವರ್ಷ ಹೊಸ ಡಬ್ಬಿ ಬಂತು. ಹೊಸವೂ ತೊಂಬತ್ತೆಂಟಕ್ಕೇ ನಿಂತವು.

ಆಗ ನಾನು ನನ್ನದೇ ಬುದ್ಧಿ ಓಡಿಸಿದೆ. ಇಲ್ಲಿಯ ನೀರು ಸವಳು, ಉಪ್ಪು ಇರುವುದರಿಂದ ಬೇಗ ಕುದಿಯುತ್ತದೆ, ಶುದ್ಧ ನೀರಾಗಿದ್ದರೆ ನೂರಕ್ಕೆ ಕುದಿಯುತ್ತಿತ್ತು ಎಂದು ಒಂದು ಕಾರಣ ಹುಟ್ಟಿಸಿದೆ. ಕೇಳಲು ಎಷ್ಟು ಚಂದ ಇತ್ತೆಂದರೆ ನನಗೇ ನಂಬಿಕೆ ಬಂದುಬಿಟ್ಟಿತು. ಪರೀಕ್ಷಿಸಿ ನೋಡಲಿಲ್ಲ. ಆರು ವರ್ಷ, ಆರು ತಂಡಗಳಿಗೆ ಅದನ್ನೇ ಹೇಳಿದೆ. ಕಾರಣ ಉಪ್ಪು, ಬರೆಯುವುದು ನೂರು. ಎಲ್ಲರೂ ಒಪ್ಪಿಕೊಂಡರು.

ಎಂಟನೆಯ ವರ್ಷದ ಒಂಬತ್ತನೇ ತರಗತಿಯಲ್ಲಿ ಹಸೀನಾ ಇದ್ದಳು. ತಂದೆ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ. ತಾಯಿಯ ತವರು ನವಲಗುಂದ, ಜಮಖಾನ ನೇಯುವವರ ಮನೆ. ಆಕೆ ಈ ಊರಿಗೆ ಸೊಸೆಯಾಗಿ ಬಂದ ಮೇಲೂ ಪಡಸಾಲೆಯಲ್ಲಿ ಮಗ್ಗ ನಿಲ್ಲಿಸಿಕೊಂಡು ನೇಯುತ್ತಿದ್ದಳು. ಹಸೀನಾ ಆ ಮಗ್ಗದ ಮುಂದೆ ಕೂತು ಎಳೆ ಎಣಿಸಿ ಬೆಳೆದವಳು. ಮಾತು ಕಡಿಮೆ. ಆದರೆ ಯಾವುದನ್ನು ನೋಡಿದರೂ ಮೂಗು ತಾಗುವ ಹಾಗೆ ಬಗ್ಗಿ ನೋಡುವಳು.

ಅವಳು ತನ್ನ ಪುಸ್ತಕದಲ್ಲಿ ತೊಂಬತ್ತೆಂಟು ಎಂದು ಬರೆದಳು. ನಾನು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು ನೂರು ಎಂದು ತಿದ್ದಿದೆ. ಪುಸ್ತಕ ಹಿಡಿದುಕೊಂಡು ಮೇಜಿನ ಹತ್ತಿರ ಬಂದಳು. ನಾನು ಉಪ್ಪಿನ ಕಥೆ ಹೇಳಿದೆ. ಕೇಳಿಸಿಕೊಂಡು ಇನ್ನೊಂದು ಪ್ರಶ್ನೆ ಹಾಕಿದಳು.

"ಹಂಗಾರ ಇನ್ನಷ್ಟು ಉಪ್ಪು ಹಾಕಿದ್ರ ಇನ್ನೂ ಲಗೂ ಕುದೀಬೇಕಲ್ರಿ ಸರ್?"

ಹೌದು, ಕುದಿಯಲೇಬೇಕು ಎಂದು ಹೇಳಿ ಕಳಿಸಿದೆ. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಹುಡುಗಿ ಕಾಗದದಲ್ಲಿ ಒಂದು ಮುಷ್ಟಿ ಉಪ್ಪು ಕಟ್ಟಿಕೊಂಡು ಹಾಜರು. ಇಮಾಮಸಾಬನನ್ನು ಕಾಡಿ ಬೇಡಿ ಒಂದು ತಂಬಿಗೆ ಕೆರೆಯ ನೀರನ್ನೂ ಗಿಟ್ಟಿಸಿದ್ದಳು. ಮೊದಲು ಸಿಹಿನೀರು ಕುದಿಸಿದಳು. ತೊಂಬತ್ತೆಂಟು. ನನ್ನ ಮಾತಿನ ಒಂದು ಕಾಲು ಅಲ್ಲಿಗೆ ಮುರಿಯಿತು. ಆಮೇಲೆ ಅರ್ಧ ಬೀಕರು ನೀರಿಗೆ ಮುಷ್ಟಿ ಉಪ್ಪು ಸುರಿದು ಕುದಿಸಿದಳು. ಪಾದರಸ ಕೆಳಗಿಳಿಯುವ ಬದಲು ಮೇಲೇರಿತು. ಏರುತ್ತ ಏರುತ್ತ ನೂರಕ್ಕೆ ಬಂದು ನಿಂತಿತು. ಉಪ್ಪು ಹಾಕಿದರೆ ನೀರು ಬೇಗ ಕುದಿಯುವುದಲ್ಲ, ತಡವಾಗಿ ಕುದಿಯುತ್ತದೆ. ನಾನು ಆರು ವರ್ಷ ಹೇಳಿದ್ದು ತಲೆಕೆಳಗು.

ಅವಳ ಮುಖದಲ್ಲಿ ಗೆದ್ದೆನೆಂಬ ಭಾವ ಇರಲಿಲ್ಲ. ಹಾಗಾದರೆ ತೊಂಬತ್ತೆಂಟು ಯಾಕೆ ಎಂಬ ಪ್ರಶ್ನೆ ಮಾತ್ರ ಇತ್ತು. ಗೊತ್ತಿಲ್ಲವ್ವಾ, ಹುಡುಕೋಣ ಎಂದು ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಗಂಟೆ ಹೊಡೆಯಿತು, ತರಗತಿಗೆ ನಡೆ ಎಂದು ಗದರಿಸಿ ಕಳಿಸಿದೆ. ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷ ಇತ್ತು.

ಈ ಸುದ್ದಿ ಇಮಾಮಸಾಬನ ಬಾಯಿಂದ ಹೊಸಮನಿ ಸರ್ ಕಿವಿಗೆ ಬಿತ್ತು. ನನ್ನ ಮಾನ ಹೋಯಿತೆಂದು ನಾನು ಮುದುಡಿಕೊಂಡಿದ್ದರೆ ಅವರಿಗೆ ಎಲ್ಲಿಲ್ಲದ ಖುಷಿ. ಮುಂದಿನ ವಾರ ಶಾಲೆಯ ತಪಾಸಣೆ ಇತ್ತು. ಹಿಂದಿನ ಸಲ ಬಂದ ಅಧಿಕಾರಿ ಇದೇ ಪ್ರಯೋಗ ನೋಡಿ, ಸಾಮಾನನ್ನು ಜೋಪಾನವಾಗಿ ಇಡಲು ಬರುವುದಿಲ್ಲವೇ ಎಂದು ಎಲ್ಲ ಶಿಕ್ಷಕರ ಎದುರು ಅವರನ್ನು ಅಂದಿದ್ದರು. ಅದು ಅವರ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

"ಉಪ್ಪ ಹಾಕಿದ್ರ ನೂರ ಬರ್ತತಿ ಅಂದ್ರ ಹಾಕಿಬಿಡ್ರಿ ಮಾಸ್ತರ. ಅದಕ್ಕೇನ ಅಷ್ಟ ವಿಚಾರ ಮಾಡ್ತೀರಿ?"

ಆಗುವುದಿಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಅವರ ಮೇಲಿನ ಮುಲಾಜು ಒಂದು ಕಡೆ, ನನಗೂ ಶಾಲೆಯ ಹೆಸರಿನ ಚಿಂತೆ ಇನ್ನೊಂದು ಕಡೆ. ತಪಾಸಣೆಯ ದಿನ ಬೆಳಿಗ್ಗೆ ನಾನೇ ನನ್ನ ಕೈಯಿಂದ ನೀರಿಗೆ ಉಪ್ಪು ಕರಗಿಸಿ ಬೀಕರಿಗೆ ತುಂಬಿಟ್ಟೆ. ಪ್ರಯೋಗ ಮಾಡಿ ತೋರಿಸಲು ಕ್ಲಾಸಿನಲ್ಲೇ ಜಾಣೆಯಾದ ಹಸೀನಾಳನ್ನು ನಿಲ್ಲಿಸಿದೆ. ಉಪ್ಪಿನ ವಿಷಯ ಅವಳಿಗೆ ಹೇಳಲಿಲ್ಲ.

ಅಂದು ಅವಳು ಎರಡು ಜಡೆಗೆ ಬಿಳಿ ರಿಬ್ಬನ್ ಕಟ್ಟಿಕೊಂಡು ಬಂದಿದ್ದಳು. ಅಧಿಕಾರಿ ಬಾಜುವಿಗೆ ನಿಂತು ನೋಡುತ್ತಿದ್ದರು. ನೀರು ಕುದಿಯಿತು. ನಾನು ಕಲಿಸಿದಂತೆ ಅವಳು ಬಗ್ಗಿ, ಕಣ್ಣನ್ನು ಪಾದರಸದ ಮಟ್ಟಕ್ಕೆ ತಂದು ನೋಡಿದಳು. ಆಮೇಲೆ ಅವಳ ಕಣ್ಣು ಬೀಕರಿನ ಅಂಚಿಗೆ ಹೋಯಿತು. ಸಿಡಿದ ಹನಿಗಳು ಅಲ್ಲಿ ಒಣಗಿ ಬೆಳ್ಳಗೆ ಉಪ್ಪುಗಟ್ಟಿದ್ದವು. ಒಂದೇ ಸಲ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

"ನೂರು ಐತ್ರಿ," ಎಂದಳು.

ಅಧಿಕಾರಿಗೆ ಸಂತೋಷವಾಯಿತು. ಸಲಕರಣೆಗಳು ಸುಸ್ಥಿತಿಯಲ್ಲಿವೆ ಎಂದು ಷರಾ ಬರೆದರು. ಹೊಸಮನಿ ಸರ್ ಎಲ್ಲರಿಗೂ ಪೇಡೆ ಹಂಚಿಸಿದರು. ಹಸೀನಾ ತನ್ನ ಪಾಲಿನ ಪೇಡೆಯನ್ನು ಆ ಬೀಕರಿನ ಪಕ್ಕದಲ್ಲಿಟ್ಟು ತರಗತಿಗೆ ಹೋದಳು. ಸಂಜೆ ಮೇಜು ಒರೆಸುವಾಗ ಇಮಾಮಸಾಬ ನನಗೆ ತೋರಿಸಿದ.

ಮಕ್ಕಳು ಮರೆಯುತ್ತಾರೆ ಎಂದುಕೊಂಡೆ. ಮರೆಯಲಿಲ್ಲ. ಅಲ್ಲಿಂದ ಮುಂದೆ ಹಸೀನಾಳ ರೀಡಿಂಗುಗಳೆಲ್ಲ ಸರಿಯಾಗಿ ಬರತೊಡಗಿದವು. ಲೋಲಕ ತೂಗಿಸಿದರೆ ಪುಸ್ತಕದ ಅಂಕಿ. ಮಸೂರದ ಸಂಗಮದೂರ ಅಳೆದರೆ ಡಬ್ಬಿಯ ಮೇಲೆ ಬರೆದಷ್ಟೇ. ಕರಗುವ ಮಂಜುಗಡ್ಡೆಗೆ ನೆಟ್ಟಗೆ ಸೊನ್ನೆ. ಬಗ್ಗಿ ನೋಡುವುದನ್ನೇ ಬಿಟ್ಟಳು. ಪ್ರಯೋಗ ಶುರುವಾಗುವ ಮೊದಲೇ ಬರೆದು, ಪುಸ್ತಕ ಮುಚ್ಚಿ, ಕೈಕಟ್ಟಿ ಕೂರುವಳು. ಎಲ್ಲ ಮಕ್ಕಳೂ ಹಾಗೆ ಮಾಡುತ್ತಿದ್ದರು, ನನಗೇನೂ ಅನ್ನಿಸುತ್ತಿರಲಿಲ್ಲ. ಇವಳ ಪುಸ್ತಕಕ್ಕೆ ಸಹಿ ಹಾಕುವಾಗ ಮಾತ್ರ ಅವಳ ಮುಖ ನೋಡಲಾಗುತ್ತಿರಲಿಲ್ಲ. ನೋಡುವ ಕಣ್ಣಿದ್ದ ಒಂದೇ ಒಂದು ಮಗುವಿಗೆ ನೋಡಬೇಡ ಎಂದು ಕಲಿಸಿದವನು ನಾನು. ಮೂವತ್ತು ವರ್ಷದ ನೌಕರಿಯಲ್ಲಿ ಅದಕ್ಕಿಂತ ದೊಡ್ಡ ತಪ್ಪನ್ನು ಮಾಡಿಲ್ಲ.

ಒಂದು ಭಾನುವಾರ ಧಾರವಾಡಕ್ಕೆ ಹೋದೆ. ಬಿ.ಎಸ್ಸಿ.ಯಲ್ಲಿ ನನ್ನ ಜೊತೆ ಓದಿದ ಗೆಳೆಯ ಅಲ್ಲಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ನನ್ನ ಕಥೆ ಕೇಳಿ, ಈಗ ನಾನು ಸವಿತಾ ಅವರ ಮಾತಿಗೆ ನಕ್ಕ ಹಾಗೆಯೇ ನಕ್ಕ.

"ಲೇ, ನೀವಿರೋದು ಸಮುದ್ರದ ಮಟ್ಟಕ್ಕಲ್ಲ, ಅದಕ್ಕಿಂತ ಎಷ್ಟೋ ಮ್ಯಾಲ. ಥರ್ಮಾಮೀಟರ್ ಅಗದಿ ಖರೇ ಹೇಳಾಕತ್ತಾವ."

ನೀರಿನ ಮೇಲೆ ಗಾಳಿ ಕೂತಿರುತ್ತದೆ. ಆ ಗಾಳಿಯ ಭಾರವನ್ನು ತಳ್ಳಿಕೊಂಡು ಆವಿ ಹೊರಗೆ ಬರಬೇಕು. ಎತ್ತರಕ್ಕೆ ಹೋದಷ್ಟೂ ಮೇಲಿನ ಗಾಳಿ ಕಡಿಮೆ, ಒತ್ತುವ ಭಾರ ಕಡಿಮೆ, ನೀರು ಬೇಗ ಕುದಿಯುತ್ತದೆ. ನೂರು ಎಂಬುದು ಸಮುದ್ರದ ದಂಡೆಯ ಲೆಕ್ಕ. ನಮ್ಮ ಎತ್ತರಕ್ಕೆ ತೊಂಬತ್ತೆಂಟೇ ಸರಿ. ಗಾಳಿಯ ಒತ್ತಡದ ಪಾಠವನ್ನು ನಾನು ಪ್ರತಿ ವರ್ಷ ಹೇಳುತ್ತಿದ್ದೆ, ಕುದಿಯುವ ಪಾಠವನ್ನೂ ಹೇಳುತ್ತಿದ್ದೆ. ಒಂದೇ ಪುಸ್ತಕದಲ್ಲಿದ್ದ ಎರಡು ಪಾಠಗಳನ್ನು ಒಂದಕ್ಕೊಂದು ಹಚ್ಚಿ ನೋಡಿರಲಿಲ್ಲ, ಅಷ್ಟೇ. ವಾಪಸು ಬರುವ ಬಸ್ಸಿನಲ್ಲಿ ನನಗೆ ನನ್ನ ಮೇಲೆಯೇ ಸಿಟ್ಟು ಬಂದಿತ್ತು.

ಮರುದಿನವೇ ತರಗತಿಯಲ್ಲಿ ಇದನ್ನು ಹೇಳಿಬಿಡಬಹುದಿತ್ತು. ಆದರೆ ಹಸೀನಾಳ ಹತ್ತಿರ ನನ್ನ ಬಾಯಿಮಾತಿಗೆ ಬೆಲೆ ಉಳಿದಿರಲಿಲ್ಲ. ಉಪ್ಪಿನ ಕಾರಣವನ್ನೂ ನಾನು ಇಷ್ಟೇ ಗಟ್ಟಿಯಾಗಿ ಹೇಳಿದ್ದೆನಲ್ಲ? ಅವಳು ಕಣ್ಣಾರೆ ನೋಡಬೇಕಿತ್ತು. ನಮ್ಮ ಶಾಲೆಯಿಂದ ವರ್ಷಕ್ಕೊಮ್ಮೆ ಪ್ರವಾಸ ಇರುತ್ತಿತ್ತು. ಆ ವರ್ಷ ಬಾದಾಮಿ ಕಡೆ ಹೋಗುವುದೆಂದು ಮಾತಾಗಿತ್ತು. ನಾನು ಹಟ ಹಿಡಿದು ಕಾರವಾರಕ್ಕೆ ಬದಲಾಯಿಸಿದೆ.

ಹೊರಡುವ ದಿನ ಬಸ್ಸಿಗೆ ನಾನು ಏರಿಸಿದ ಸಾಮಾನು ನೋಡಿ ಹೊಸಮನಿ ಸರ್ ಬೆರಗಾದರು. ಸೀಮೆಎಣ್ಣೆ ಸ್ಟೋ, ಬೀಕರು, ಬಟ್ಟೆಯಲ್ಲಿ ಸುತ್ತಿದ ಥರ್ಮಾಮೀಟರು, ಒಂದು ಕ್ಯಾನು ಕೆರೆಯ ನೀರು. ಸಮುದ್ರಕ್ಕೆ ನೀರು ಒಯ್ಯುವ ಮಾಸ್ತರನನ್ನು ಈಗಲೇ ನೋಡಿದ್ದು ಎಂದು ದಾರಿಯುದ್ದಕ್ಕೂ ಚಾಷ್ಟಿ ಮಾಡಿದರು. ಕಲಘಟಗಿ ದಾಟುವಾಗ ನನ್ನೂರಿನ ದಾರಿಯನ್ನು ಮಕ್ಕಳಿಗೆ ತೋರಿಸಿದೆ. ಯಲ್ಲಾಪುರ ಕಳೆದು ಘಟ್ಟ ಇಳಿಯತೊಡಗಿದಾಗ ಮಕ್ಕಳಿಗೆಲ್ಲ ಕಿವಿ ಗವ್ವೆಂದವು. ಬೆರಳಿಟ್ಟು ತಿರುವಿಕೊಳ್ಳುತ್ತಿದ್ದರು. ಇದು ಯಾಕೆ ಹೀಗೆ, ಗಾಳಿಯ ಒತ್ತಡದ ಪಾಠ ನೆನಪಿದೆಯಾ ಎಂದು ಕೇಳಿದೆ. ಯಾರೋ ಎರಡು ಮೂರು ಮಂದಿ ಹೇಳಿದರು. ಹಸೀನಾ ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದಳು, ನನ್ನ ಕಡೆ ತಿರುಗಲಿಲ್ಲ.

ದಂಡೆಯ ಮೇಲೆ ಮಕ್ಕಳ ಕುಣಿತ, ಕೂಗು ಎಲ್ಲ ಒಂದು ಸುತ್ತು ಮುಗಿದ ಮೇಲೆ ಬಸ್ಸಿನ ಮರೆಯಲ್ಲಿ ಗಾಳಿ ತಾಗದಂತೆ ಸ್ಟೋ ಹಚ್ಚಿದೆ. ಎಲ್ಲರನ್ನೂ ಸುತ್ತ ನಿಲ್ಲಿಸಿದೆ. ಹೊಸಮನಿ ಸರ್ ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು, ಒದ್ದೆ ಕಾಲಿನಲ್ಲಿ ಬಂದು ನಿಂತರು. ನೀರು ಕುದಿಯಿತು. ರೀಡಿಂಗು ಹೇಳಲು ಹಸೀನಾಳನ್ನು ಕರೆದೆ. ಬಂದಳು. ಥರ್ಮಾಮೀಟರಿನ ಕಡೆ ಕಣ್ಣು ಸಹ ಹಾಯಿಸದೆ ನೂರು ಎಂದಳು.

ನೋಡದೆಯೇ ಹೇಳಿದ್ದಳು. ಮಾಸ್ತರರಿಗೆ ಬೇಕಾದದ್ದು ಅದೇ ಎಂದು ಆಕೆಗೆ ಗೊತ್ತಿತ್ತು. ಆ ಕ್ಷಣ ನನಗೆ ಆದ ನಾಚಿಕೆಯನ್ನು ಇಷ್ಟು ವರ್ಷಗಳ ಮೇಲೂ ನೆನೆದರೆ ತಲೆ ತಗ್ಗುತ್ತದೆ. ಬಗ್ಗಿ ನೋಡವ್ವಾ, ನೋಡಿ ಹೇಳು ಎಂದೆ. ಒಲ್ಲದ ಮನಸ್ಸಿನಿಂದ ಬಗ್ಗಿದಳು. ಪಾದರಸ ನೂರರ ಗೆರೆಗೆ ತಾಗಿ ನಿಂತಿತ್ತು. ಅವಳು ಗೆರೆ ನೋಡಿದಳು. ಆಮೇಲೆ ಬೀಕರಿನ ಅಂಚು ನೋಡಿದಳು, ಸುತ್ತ ತಿರುಗಿ ಎಲ್ಲ ಕಡೆ ನೋಡಿದಳು.

"ಉಪ್ಪ ಹಾಕಿಲ್ಲೇನ್ರಿ?"

ಮಕ್ಕಳಿಗೆ ಯಾವ ಉಪ್ಪು, ಏನು ಎಂದು ತಿಳಿಯಲಿಲ್ಲ. ಹೊಸಮನಿ ಸರ್ ಅವರಿಗೆ ತಿಳಿಯಿತು. ತಪಾಸಣೆಯ ದಿನ ಹಾಕಿದ್ದೆ, ಇಂದು ಹಾಕಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ನಮ್ಮೂರಲ್ಲಿ ನೀರು ಕುದಿಯುವುದು ತೊಂಬತ್ತೆಂಟಕ್ಕೇ, ಹಸೀನಾ ಬರೆದದ್ದೇ ಸರಿ ಇತ್ತು, ನಾನು ತಿದ್ದಿದ್ದು ತಪ್ಪು, ಉಪ್ಪಿನ ಕಾರಣ ಹೇಳಿದ್ದೂ ತಪ್ಪು ಎಂದೆ. ಮಕ್ಕಳು ಮಿಕಿಮಿಕಿ ನೋಡುತ್ತಿದ್ದರು. ಆಗ ಹಿಂದಿನಿಂದ ಹೊಸಮನಿ ಸರ್ ಮುಂದೆ ಬಂದರು.

"ಉಪ್ಪ ಹಾಕ್ರಿ ಅಂದಾಂವ ನಾನ. ತಂಬೂರ ಸರ್ ಒಬ್ಬರದ ತಪ್ಪಲ್ಲ ಅದು."

ಅಷ್ಟು ಬಿಗಿ ಮನುಷ್ಯ, ಒದ್ದೆ ಪ್ಯಾಂಟಿನಲ್ಲಿ ನಿಂತು ಒಂಬತ್ತನೇ ತರಗತಿಯ ಮಕ್ಕಳ ಮುಂದೆ ಆ ಮಾತು ಆಡಿದರು. ಅವರ ಕೈಕೆಳಗೆ ದುಡಿದ ಎಲ್ಲ ವರ್ಷಗಳಲ್ಲಿ ನಾನು ಅವರಿಗೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದ್ದು ಅಂದೇ.

ಹಸೀನಾಳಿಗೆ ಮಾತ್ರ ನಮ್ಮಿಬ್ಬರ ಮಾತೂ ಸಾಲಲಿಲ್ಲ. ಬಟ್ಟೆಯಲ್ಲಿ ಹಿಡಿದು ಬೀಕರು ಇಳಿಸಿದಳು. ನೀರನ್ನು ಮರಳಿಗೆ ಚೆಲ್ಲಿದಳು. ಕ್ಯಾನಿನಿಂದ ಅಂಗೈಗೆ ನೀರು ಬಗ್ಗಿಸಿಕೊಂಡು ಕುಡಿದು ನೋಡಿದಳು. ಸಿಹಿ ಇತ್ತು. ಬೀಕರನ್ನು ಅದೇ ನೀರಿನಿಂದ ಎರಡು ಸಲ ತೊಳೆದು, ಮತ್ತೆ ತುಂಬಿ, ಸ್ಟೋ ಮೇಲಿಟ್ಟು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಉಳಿದ ಮಕ್ಕಳು ಬೇಸರವಾಗಿ ಅಲೆಗಳ ಕಡೆ ಓಡಿದರು. ನಾನೂ ಹೊಸಮನಿ ಸರ್ ಅವರೂ ಅಪರಾಧಿಗಳ ಹಾಗೆ ನಿಂತಿದ್ದೆವು. ನೀರು ಕುದಿಯಿತು. ಅವಳು ಮೂಗು ತಾಗುವ ಹಾಗೆ ಬಗ್ಗಿ ನೋಡಿದಳು. ಬಹಳ ದಿನದ ಮೇಲೆ ಅವಳು ಹಾಗೆ ನೋಡಿದ್ದನ್ನು ನೋಡಿ ನನ್ನ ಕಣ್ಣು ತುಂಬಿದವು.

"ಖರೇನ ನೂರು ಐತ್ರಿ," ಎಂದಳು. ಆಮೇಲೆ, ಹಾಗಾದರೆ ಊರಿನಲ್ಲಿ ತೊಂಬತ್ತೆಂಟೂ ಖರೆಯೇ ಎಂದು ಕೇಳಿದಳು. ಎರಡೂ ಖರೆ ಎಂದೆ. ಯಾಕೆ ಎಂದು ಅವಳೇ ಮೆಲ್ಲಗೆ ಲೆಕ್ಕ ಹಾಕತೊಡಗಿದಳು. ಘಟ್ಟ ಇಳಿಯುವಾಗ ಕಿವಿ ಗವ್ವೆಂದದ್ದು ಅವಳಿಗೆ ನೆನಪಿತ್ತು. ಅಲ್ಲಿಂದ ಮುಂದಿನದನ್ನು ನಾನು ಹೇಳಿಕೊಡಬೇಕಾಗಲಿಲ್ಲ.

ಈ ಕಥೆ ಹೇಳಿದಾಗಲೆಲ್ಲ ಅವಳು ಮುಂದೆ ದೊಡ್ಡ ವಿಜ್ಞಾನಿಯಾದಳೇ ಎಂದು ಕೇಳುವವರಿದ್ದಾರೆ. ಆಗಲಿಲ್ಲ. ಅಣ್ಣಿಗೇರಿಗೆ ಮದುವೆಯಾಗಿ ಹೋದಳು, ಅಲ್ಲಿ ಅಂಗನವಾಡಿ ನಡೆಸುತ್ತಾಳೆ. ಎರಡು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಮಕ್ಕಳ ತೂಕ ಹಾಕುವ ತಕ್ಕಡಿ ಸರಿ ಇಲ್ಲವೆಂದು ಮೂರು ಸಲ ಅರ್ಜಿ ಬರೆದಿದ್ದೇನೆ, ಸರಿ ಮಾಡಿಸುವವರೆಗೆ ತೂಕದ ಕಾಲಂ ಖಾಲಿ ಬಿಡುತ್ತೇನೆ ಎಂದಳು. ಮೇಲಿನವರು ಬೈಯುವುದಿಲ್ಲವೇ ಎಂದೆ. ಬೈಯುತ್ತಾರೆ ಎಂದು ನಕ್ಕಳು.

ಕಾಲ ಬದಲಾಗಿದೆ. ಈಗ ಶಾಲೆಯಲ್ಲಿ ದೊಡ್ಡ ಪರದೆ ಬಂದಿದೆ. ಅದರಲ್ಲಿ ನೀರು ಕುದಿಯುವುದನ್ನು ಬಣ್ಣಬಣ್ಣದಲ್ಲಿ ತೋರಿಸುತ್ತಾರೆ. ನನ್ನ ಕೊನೆಯ ವರ್ಷಗಳಲ್ಲಿ ನಾನೂ ತೋರಿಸಿದ್ದೇನೆ, ಚಂದವೇ ಇದೆ. ಪರದೆಯ ಮೇಲಿನ ನೀರು ಯಾವ ಊರಿನಲ್ಲಿ ಹಾಕಿದರೂ ನೂರಕ್ಕೇ ಕುದಿಯುತ್ತದೆ, ಅದೊಂದೇ ತೊಂದರೆ. ಸವಿತಾ ಅವರೇ, ಪರದೆ ತೋರಿಸಿ, ಬೇಡವೆನ್ನುವುದಿಲ್ಲ. ಆದರೆ ಆ ಹಳೆಯ ಸ್ಟೋ ಕಪಾಟಿನ ಹಿಂದೆ ಇದೆ, ಅದನ್ನೂ ಒಮ್ಮೆ ಹಚ್ಚಿರಿ. ಇಮಾಮಸಾಬ ಈಗಿಲ್ಲ. ಕೆರೆಯ ನೀರನ್ನು ನೀವೇ ತರಬೇಕು.

ಪ್ರವಾಸದಿಂದ ಮರಳುವಾಗ ಸಂಜೆಯ ಚಹಾಕ್ಕೆ ಯಲ್ಲಾಪುರದಲ್ಲಿ ಬಸ್ಸು ನಿಂತಿತು. ಮಕ್ಕಳೆಲ್ಲ ಅಂಗಡಿಯ ಕಡೆ ಹೋಗಿದ್ದರು. ಹಸೀನಾ ನಾನು ಕೂತಲ್ಲಿಗೆ ಬಂದು ನಿಂತಳು. ಓಢಣಿಯ ಅಂಚು ತಿರುವುತ್ತಿದ್ದಳು. ಏನವ್ವಾ ಎಂದೆ.

"ಸರ್, ತಪಾಸಣಿ ದಿನದಿಂದ ನಾ ಬರದದ್ದೆಲ್ಲಾ ಸುಳ್ಳ ಐತ್ರಿ. ಒಂದೂ ನೋಡಿ ಬರದಿಲ್ಲ. ಮತ್ತ ಮಾಡ್ಲೇನ್ರಿ?"

ಏಳು ಪ್ರಯೋಗಗಳಿದ್ದವು. ಏಳಕ್ಕೂ ನಾನು ಸರಿ ಎಂದು ಸಹಿ ಮಾಡಿದ್ದೆ. ಶಾಲೆ ಬಿಟ್ಟ ಮೇಲೆ ದಿನಕ್ಕೊಂದರಂತೆ ಕೂತೆವು. ಅವಳು ಮಾಡುವಳು, ನಾನು ಮೇಜಿನ ಈ ಕಡೆ ಬಾಯಿ ಮುಚ್ಚಿಕೊಂಡು ಕೂರುವೆ. ಹೊಸಮನಿ ಸರ್ ಕಪಾಟಿನ ಕೀಲಿಯನ್ನು ನನ್ನ ಕೈಗೇ ಕೊಟ್ಟುಬಿಟ್ಟಿದ್ದರು. ಏಳರಲ್ಲಿ ಒಂದೂ ಪುಸ್ತಕದಲ್ಲಿ ಇದ್ದಂತೆ ಬರಲಿಲ್ಲ. ಏಳಕ್ಕೂ ಮತ್ತೆ ಸಹಿ ಮಾಡಿದೆ. ಕೊನೆಗೆ ಅವಳು ಪುಸ್ತಕವನ್ನು ಹಿಂದಕ್ಕೆ ತಿರುವಿ, ಕುದಿಬಿಂದುವಿನ ಹಾಳೆ ತೆಗೆದು ನನ್ನ ಮುಂದೆ ಇಟ್ಟಳು. ನನ್ನ ಕೆಂಪು ಶಾಯಿಯ ನೂರನ್ನು ನಾನೇ ಹೊಡೆದುಹಾಕಿದೆ.